ಚೇಳಿನ ವಿಷಕ್ಕೆ ಬೀಜದ ಗೋಧಿ

ಧಾರವಾಡದ ಪ್ರಯೋಗಾಲಯದಲ್ಲಿ ನನ್ನ ಪಾಲಿಗೆ ಬಂದದ್ದು ಚೇಳಿನ ವಿಷದಲ್ಲಿರುವ ಒಂದು ಪ್ರೋಟೀನು. ಅದರ ಆಕಾರ ಹೇಗಿದೆ ಎಂದು ನೋಡಬೇಕಿತ್ತು. ನೋಡಲು ಅದು ಸಾಕಷ್ಟು ಬೇಕಿತ್ತು. ಚೇಳುಗಳನ್ನು ಹಿಂಡಿ ಅಷ್ಟು ತೆಗೆಯಲಾಗದು. ಎಲ್ಲರೂ ಮಾಡುವಂತೆ ಅದರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅವೇ ತಯಾರಿಸಲಿ ಎಂದು ಬಿಟ್ಟೆ. ಅವು ಚೂರು ತಯಾರಿಸುತ್ತಿದ್ದವು, ಅದರಿಂದಲೇ ಸಾಯುತ್ತಿದ್ದವು. ಒಂದು ವರ್ಷ ಪೂರ್ತಿ ನಾನು ಮಾಡಿದ್ದು ಈ ಕೊಲೆ ಕೆಲಸ.

ಕೊನೆಗೆ ನನ್ನ ಮಾರ್ಗದರ್ಶಕಿ ಮೇಡಂ, "ಜೀವ ಇರೋ ಕೋಶಾನ ಬ್ಯಾಡ ಬಿಡವಾ. ಸಾಯಾಕ ಅಲ್ಲಿ ಯಾರೂ ಇರಬಾರ್ದು" ಎಂದರು. ಅವರು ಹೇಳಿದ ದಾರಿ ಇದು: ಗೋಧಿಕಾಳಿನ ತುದಿಯಲ್ಲಿ ಮೊಳಕೆಯೊಡೆಯುವ ಕಣ್ಣು ಇರುತ್ತದಲ್ಲ, ಅದನ್ನು ಬಿಡಿಸಿ, ಅರೆದು, ರಸ ತೆಗೆಯುವುದು. ಪ್ರೋಟೀನು ತಯಾರಿಸುವ ಸಲಕರಣೆಯೆಲ್ಲ ಆ ರಸದಲ್ಲಿರುತ್ತದೆ, ಜೀವ ಮಾತ್ರ ಇರುವುದಿಲ್ಲ. ಜೀವವಿಲ್ಲದ್ದಕ್ಕೆ ವಿಷ ಏನು ಮಾಡೀತು?

ಗೋಧಿ ಎಂದೊಡನೆ ನನ್ನ ಬಾಯಿ ಸುಮ್ಮನಿರಲಿಲ್ಲ. "ನಮ್ಮ ಮನಿ ಗೋಧಿ ತರತೇನ್ರಿ ಮೇಡಂ" ಎಂದುಬಿಟ್ಟೆ. ಬೈಲಹೊಂಗಲದ ಕಡೆಯವರಿಗೆ ತಮ್ಮ ಮನೆಯ ಕಾಳಿನ ಬಗ್ಗೆ ಇರುವ ಜಂಬ ನನಗೆ ತುಸು ಹೆಚ್ಚೇ. ಕಿತ್ತೂರಿನಲ್ಲಿ ಬಸ್ಸು ಬದಲಿಸಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ತಂದೆ.

ರಸ ತೆಗೆದು, ಅದಕ್ಕೆ ಚೇಳಿನ ಜೀನು ಸೇರಿಸಿ ಮೂರು ಸಲ ಮಾಡಿದೆ. ಮೂರು ಸಲವೂ ನಳಿಕೆಯಲ್ಲಿ ಏನೂ ಹುಟ್ಟಲಿಲ್ಲ. ಕಾಳಿನ ಕಣ್ಣಿಗೆ ಹಿಟ್ಟು ಅಂಟಿಕೊಂಡಿದ್ದರೆ ಕೆಲಸ ಕೆಟ್ಟಂತೆ. ನಾವು ಚಪಾತಿ ಮಾಡಿ ತಿನ್ನುವ ಆ ಹಿಟ್ಟಿನಲ್ಲೇ ಈ ಸಲಕರಣೆಯನ್ನು ನಿಲ್ಲಿಸುವ ಪ್ರೋಟೀನೊಂದಿದೆ. ಅದು ಗೊತ್ತಿದ್ದೇ ತೊಳೆದೆ, ಮತ್ತೆ ತೊಳೆದೆ. ಹಿಟ್ಟು ಬಿಡಲೊಲ್ಲದು. ನೀರನ್ನು ಬೈದೆ, ಫ್ರಿಜ್ಜನ್ನು ಬೈದೆ. ಆಕಾರ ತೋರಿಸುವ ದೊಡ್ಡ ಯಂತ್ರ ಬೇರೆ ಊರಿನಲ್ಲಿತ್ತು. ದೀಪಾವಳಿ ಕಳೆದ ಮೇಲೆ ನಮಗೊಂದು ಸರದಿ ಸಿಕ್ಕಿತ್ತು. ಅದು ತಪ್ಪಿದರೆ ನನ್ನ ಫೆಲೋಶಿಪ್ ಮುಗಿಯುವುದರೊಳಗೆ ಇನ್ನೊಂದು ಸಿಗುವಂತಿರಲಿಲ್ಲ. ಐದು ವರ್ಷದ ಕೆಲಸ ನೀರಿಗೆ ಹೋಗುತ್ತಿತ್ತು.

ಸರದಿಗೆ ಇಪ್ಪತ್ತು ದಿನ ಇರುವಾಗ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತು ಅತ್ತೆ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, "ಆ ಕಾಳಿಗೆ ಔಡಲ ಎಣ್ಣಿ ಹಚ್ಚೈತಿ. ಹಿಟ್ಟು ಅಂಟದ ಏನ ಮಾಡತೈತಿ?" ಎಂದಳು.

ನಾನು ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ. ಹುಳ ಬೀಳಬಾರದೆಂದು ಪ್ರತಿ ವರ್ಷ ತಿನ್ನುವ ಗೋಧಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಸವರಿಯೇ ಇಡುವುದು ನಮ್ಮಲ್ಲಿ ವಾಡಿಕೆ. ಚಿಕ್ಕವಳಿದ್ದಾಗ ಅಂಗಳದಲ್ಲಿ ಕಾಳಿನ ರಾಶಿಯಲ್ಲಿ ಮೊಣಕೈವರೆಗೆ ಕೈಯಾಡಿಸಿ ಎಣ್ಣೆ ಹಚ್ಚಿದವಳು ನಾನೇ. ಆ ಜಿಡ್ಡು ವಾಸನೆ ಎರಡು ದಿನ ಕೈಯಲ್ಲಿರುತ್ತಿತ್ತು. ಎಷ್ಟು ಓದಿದರೂ ಅದೊಂದು ನೆನಪಾಗಲಿಲ್ಲ.

"ಅಳಬ್ಯಾಡ, ಎಣ್ಣಿ ಹಚ್ಚಲಾರದ್ದು ಐತಿ" ಎಂದು ಅವ್ವ ಅಟ್ಟದಿಂದ ಗಡಿಗೆಯೊಂದನ್ನು ಇಳಿಸಿದಳು. ಬೇವಿನೆಲೆ, ಬೂದಿ ಬೆರೆಸಿಟ್ಟ ಕೆಂಪು ಜವಾರಿ ಗೋಧಿ. ಬಿತ್ತುವ ಬೀಜ. ಅವ್ವನ ತವರು ರಾಮದುರ್ಗದ ಕಡೆಯ ಸಾಲಹಳ್ಳಿ; ಮದುವೆಯಾದ ವರ್ಷ ಅಲ್ಲಿಂದ ಉಡಿ ತುಂಬಿಸಿಕೊಂಡು ತಂದ ತಳಿ ಅದು. ಬೀಜದ ಕಾಳನ್ನು ಬೀಸುವ ಮಾತು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

"ಇದು ಬಿತ್ತಾಕಲ್ಲೇನ ಬೇ?" ಎಂದೆ.

"ಅದರ ಚಿಂತಿ ನಿನಗ್ಯಾಕ? ತಗೋ."

ನಾನು ಹೆಚ್ಚು ಕೇಳಲಿಲ್ಲ. ಕೇಳಬೇಕಿತ್ತು.

ಮೂರು ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಇಬ್ಬರೂ ಕುಳಿತೆವು. ಅವ್ವ ಬೀಸುಕಲ್ಲಿನಲ್ಲಿ ಕಾಳನ್ನು ಹದವಾಗಿ ಒಡೆದು, ಮೊರದಲ್ಲಿ ಕೇರಿ ಕೊಡುವಳು. ನಾನು ಹಳದಿ ಕಣ್ಣುಗಳನ್ನು ಆರಿಸುವೆ. ಗಡಿಗೆ ತಳ ಕಂಡಾಗ ಒಂದು ಹಿಡಿ ಕಣ್ಣು ಸಿಕ್ಕಿತ್ತು. ನಡುನಡುವೆ ಅವ್ವ ತನ್ನ ತವರಿನ ಚೇಳಿನ ಕಥೆ ಹೇಳಿ, ಕಚ್ಚಿಸಿಕೊಂಡು ಕುಣಿದವರ ಅಣಕ ಮಾಡಿ ನಗಿಸುತ್ತಿದ್ದಳು. ನನ್ನ ಸಂಶೋಧನೆಯ ದಿನಗಳಲ್ಲಿ ಮತ್ತೊಮ್ಮೆ ಬೇಕೆನಿಸುವುದು ಆ ಮೂರೇ ಮಧ್ಯಾಹ್ನ.

ಈ ಸಲ ನಳಿಕೆಯಲ್ಲಿ ವಿಷ ಹುಟ್ಟಿತು. ಶುದ್ಧ ಮಾಡಿ ಸರದಿಗೆ ಮುಟ್ಟಿಸಿದೆವು. ಒಳ್ಳೆಯ ಚಿತ್ರವೇ ಬಂತು: ಪ್ರೋಟೀನು ಬಿಗಿಯಾಗಿ ಸುತ್ತಿಕೊಂಡ ಪುಟ್ಟ ಸಿಂಬೆಯ ಹಾಗಿತ್ತು. ಮೇಡಂ ನನ್ನ ಬೆನ್ನು ತಟ್ಟಿದರು.

ಸುಗ್ಗಿಗೆ ಚಿತ್ರದ ಪ್ರಿಂಟ್ ಹಿಡಿದು ಊರಿಗೆ ಹೋದೆ. ಹೊಲದಲ್ಲಿ ಗೋಧಿ ಇರಬೇಕಾದ ಪಟ್ಟಿಯಲ್ಲಿ ಕಡಲೆ ನಿಂತಿತ್ತು; ಅವ್ವ ಅದನ್ನು ಕೀಳುತ್ತಿದ್ದಳು.

"ಗೋಧಿ ಬಿತ್ತಲಿಲ್ಲೇನ ಬೇ?"

"ಬೀಜ ಎಲ್ಲಿತ್ತ? ನಿನಗ ಕೊಟ್ಟೆನಲ್ಲ."

"ಸಾಲಹಳ್ಳಿಯಿಂದ ತರಸಬೇಕಿತ್ತು."

"ಅಲ್ಲಿ ಅದನ್ನ ಬಿತ್ತೂದು ಬಿಟ್ಟು ಭಾಳ ವರ್ಷ ಆತು. ಎಲ್ಲಾರೂ ಪ್ಯಾಕೆಟ್ ಬೀಜಾನ ತರ್ತಾರ. ಉಳಿದದ್ದು ನಮ್ಮನ್ಯಾಗ ಅಷ್ಟ."

ತಿಳಿದವಳು, ಓದಿದವಳು ಎನ್ನಿಸಿಕೊಂಡ ನಾನು ಒಂದು ತಳಿಯನ್ನೇ ಅರೆದು ನಳಿಕೆಗೆ ಹಾಕಿದ್ದೆ. ಸಿಟ್ಟು ಬಂದದ್ದು ನನ್ನ ಮೇಲೆ, ರೇಗಿದ್ದು ಅವಳ ಮೇಲೆ. "ಗೊತ್ತಿದ್ದೂ ಯಾಕ ಕೊಟ್ಟಿ? ಒಂದು ಹಿಡಿನಾದ್ರೂ ಇಟಗೋಬಾರದೇನ?"

ಅವ್ವ ಕಡಲೆ ಗಿಡ ಕೀಳುವುದನ್ನು ನಿಲ್ಲಿಸಲಿಲ್ಲ.

"ನೀ ಅಳಾಕ ಹತ್ತಿದ್ದಿಯಲ್ಲ," ಎಂದಳು. "ಹಿಡಿ ಅಳತಿ ಮಾಡಕೋತ ಕುಂಡ್ರಲೇನ?"