ಉತ್ತರಾಣಿ ಕೊಲ್ಲದ ಹುಳ

ಹರಿಹರದ ನಮ್ಮ ಮನೆಯಲ್ಲಿ ಬ್ರಷ್ಷು, ಪೇಸ್ಟು ಎಲ್ಲ ಇದ್ದರೂ ಅಮ್ಮಿ ಹಲ್ಲುಜ್ಜುವುದು ಉತ್ತರಾಣಿ ಕಡ್ಡಿಯಲ್ಲೇ. "ಹಲ್ಲಿನ ಹುಳ ಸಾಯ್ತಾವೆ" ಎನ್ನುತ್ತಾಳೆ. ದಾವಣಗೆರೆಯಲ್ಲಿ ಸೂಕ್ಷ್ಮಜೀವಿ ಶಾಸ್ತ್ರದ ಪಿಎಚ್.ಡಿ.ಗೆ ಸೇರಿದಾಗ ನಾನು ಅದನ್ನೇ ವಿಷಯ ಮಾಡಿಕೊಂಡೆ. ಭಾನುವಳ್ಳಿ ಕಾಲುವೆ ದಂಡೆಯಿಂದ ಗಿಡ ಕಿತ್ತು ತಂದು, ಒಣಗಿಸಿ ಪುಡಿ ಮಾಡಿ, ಸ್ಪಿರಿಟ್‌ನಲ್ಲಿ ನೆನೆಸಿ ರಸ ತೆಗೆಯುವುದು. ಹುಳುಕು ಹಲ್ಲಿನ ಬ್ಯಾಕ್ಟೀರಿಯಾ ಸವರಿದ ತಟ್ಟೆಯ ಮೇಲೆ ಆ ರಸ ಹೀರಿದ ಪುಟ್ಟ ಕಾಗದದ ಬಿಲ್ಲೆ ಇಡುವುದು. ರಸಕ್ಕೆ ಶಕ್ತಿಯಿದ್ದರೆ ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ತಿಳಿ ಉಂಗುರವೊಂದು ಉಳಿಯುತ್ತದೆ.

ಎರಡು ವರ್ಷ ಪ್ರತಿ ಸಲವೂ ಉಂಗುರ ಕಂಡಿತು. ನನ್ನ ಗೈಡ್ ಕುಣಿದಾಡಿದರು. ದಂತವೈದ್ಯ ಕಾಲೇಜಿನ ಡಾಕ್ಟರೊಬ್ಬರು ಆ ರಸವನ್ನು ಬಾಯಿ ಮುಕ್ಕಳಿಸಲು ರೋಗಿಗಳಿಗೆ ಕೊಟ್ಟು ನೋಡುವುದಕ್ಕೂ ತಯಾರಾದರು.

ಆಮೇಲೆ ಒಂದು ದಿನ, ಬಿಲ್ಲೆ ಉಳಿದಿತ್ತೆಂದು, ಬರೀ ಸ್ಪಿರಿಟ್‌ನಲ್ಲಿ ಅದ್ದಿ ಇಟ್ಟೆ. ಅದರ ಸುತ್ತಲೂ ಅಷ್ಟೇ ಅಗಲದ ಉಂಗುರ! ಬಿಲ್ಲೆಗಳನ್ನು ಸ್ಪಿರಿಟ್ ಪೂರ್ತಿ ಆರುವವರೆಗೆ ಒಣಗಿಸಿ ಇಡಬೇಕು. ನಾನೋ, ಹರಿಹರದ ಬಸ್ಸು ತಪ್ಪುತ್ತದೆಂದು ಹಸಿ ಹಸಿಯಾಗಿಯೇ ಇಟ್ಟು ಓಡುತ್ತಿದ್ದೆ. ಹೋಲಿಕೆಗೆ ನೀರಿನ ಬಿಲ್ಲೆ ಇಡುತ್ತಿದ್ದೆ, ಸ್ಪಿರಿಟ್‌ನದು ಒಂದು ದಿನವೂ ಇಟ್ಟಿರಲಿಲ್ಲ. ಉತ್ತರಾಣಿ ಬಿಲ್ಲೆಯನ್ನು ಪೂರ್ತಿ ಒಣಗಿಸಿ ಮತ್ತೆ ಇಟ್ಟೆ. ಉಂಗುರವೂ ಇಲ್ಲ, ಮಣ್ಣೂ ಇಲ್ಲ. ಎರಡು ವರ್ಷದ ಕೆಲಸ ನೀರಿನಲ್ಲಿ ಹೋಮವಾಗಿತ್ತು.

ಗೈಡ್ ತಟ್ಟೆಯನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. "ಇದನ್ನ ಮರೆತುಬಿಡ್ರಿ. ಬರೋ ಸೆಮಿನಾರ್‌ನಾಗೆ ಹಳೇ ಫಲಿತಾಂಶಾನೇ ಓದ್ರಿ."

"ರೋಗಿಗಳ ಬಾಯಿಗೆ ಹಾಕ್ತಾರೆ ಸರ್."

"ಉತ್ತರಾಣಿ ಏನ್ ವಿಷಾನಾ? ಡಾಕ್ಟರೇಟ್ ಬೇಕೋ ಬ್ಯಾಡೋ ಹೇಳ್ರಿ. ನನ್ನ ಸಹಿ ಇಲ್ದೆ ಹೆಂಗ್ ಆಗತ್ತೆ ನೋಡ್ತೀನಿ."

ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಅದಕ್ಕಾಗಿ ಜೀವ ಬಿಡುತ್ತಿದ್ದೆ.

ಸೆಮಿನಾರ್‌ಗೆ ಪ್ರಬಂಧಗಳು ಕಡಿಮೆ ಬಂದಿದ್ದರಿಂದ ಎಲ್ಲ ಶಾಸ್ತ್ರಗಳನ್ನೂ ಒಂದೇ ಸಭಾಂಗಣಕ್ಕೆ ತುಂಬಿದ್ದರು. ಎಂಜಿನಿಯರೊಬ್ಬರು ಕಾಂಕ್ರೀಟಿನ ಬಿರುಕು ತೋರಿಸಿದರು. ಇನ್ನೊಬ್ಬರು ಬಾಟಲಿಯಲ್ಲಿ ಬೆಳೆಸಿದ ಬಾಳೆ ಸಸಿ ತೋರಿಸಿದರು. ನನಗಿಂತ ಮುಂಚೆ ಯುದ್ಧಗಳ ಇತಿಹಾಸ ಓದಿಕೊಂಡ ನಿವೃತ್ತ ಮೇಷ್ಟ್ರು ಮಾತಾಡಿದರು. "ಕೆಳಗಿನೋರು ಗೆದ್ವಿ ಗೆದ್ವಿ ಅಂತ ವರದಿ ಕಳಿಸ್ತಾರೆ. ಮೇಲಿನೋರು ಅದನ್ನ ನಂಬಿ ಇನ್ನಷ್ಟು ಜನಾನ ಸಾಯಾಕೆ ಕಳಿಸ್ತಾರೆ" ಎಂದರು. ಆ ವರದಿ ನಾನೇ ಕಳಿಸಿದ್ದು ಅನ್ನಿಸಿತು.

ವೇದಿಕೆ ಹತ್ತಿ ಎರಡೂ ತಟ್ಟೆಗಳ ಚಿತ್ರ ಹಾಕಿದೆ. "ಎಡಗಡೆದು ಉತ್ತರಾಣಿ, ಬಲಗಡೆದು ಬರೀ ಸ್ಪಿರಿಟ್. ಕೊಂದದ್ದು ಸ್ಪಿರಿಟ್. ತಪ್ಪು ನನ್ನದು" ಎಂದೆ. ಗೈಡ್ ಎದ್ದು ಹೊರಗೆ ಹೋದರು. ದಂತವೈದ್ಯರು ತಲೆ ತಗ್ಗಿಸಿ ತಮ್ಮ ಡೈರಿಯಲ್ಲಿ ಏನೋ ಹೊಡೆದುಹಾಕುತ್ತಿದ್ದರು.

ರಾತ್ರಿ ಮನೆಯಲ್ಲಿ ಎಲ್ಲ ಹೇಳಿದಾಗ ಅಮ್ಮಿ ನನ್ನನ್ನು ಬಿಡಲಿಲ್ಲ. "ಹಂಗಾರ ನಾ ಇಷ್ಟು ವರ್ಷ ಉಜ್ಜಿದ್ದು ಸುಳ್ಳೇನು?"

"ಉಜ್ಜಿದ್ದಕ್ಕೆ ಹಲ್ಲು ಉಳಿದಾವೆ ಅಮ್ಮಿ. ರಸದ್ದು ನಂಗೊತ್ತಿಲ್ಲ."

"ಅಷ್ಟು ಓದಿ ಗೊತ್ತಿಲ್ಲ ಅಂತೀಯಲ್ಲ!" ಎಂದು ಬೈದು, ಊಟಕ್ಕೆ ಕರೆದಳು.

ಮರುವಾರ ಗೈಡ್ ಬದಲಾವಣೆಯ ಅರ್ಜಿ ಕೊಟ್ಟೆ. ಗುಮಾಸ್ತರು ಓದಿ ಕನ್ನಡಕ ತೆಗೆದರು.

"ಕಾರಣ ಅನ್ನೋ ಕಡೆ ಹೊಂದಾಣಿಕೆ ಆಗ್ಲಿಲ್ಲ ಅಂತ ಬರೀರಿ ಮೇಡಂ. ಎಲ್ರೂ ಹಂಗೇ ಬರಿಯೋದು. ನಿಮ್ಮ ತಪ್ಪು ನೀವೇ ಬರ್ಕೊಂಡಿದೀರಲ್ರಿ, ನಾಳೆ ಯಾವ ಗೈಡ್ ತಗೋತಾರೆ ನಿಮ್ಮನ್ನ?"

"ಇದನ್ನ ಓದಿನೂ ತಗೊಳ್ಳೋರು ಒಬ್ಬರಿದ್ರೆ ಸಾಕ್ರಿ. ಸೀಲ್ ಹೊಡೀರಿ."