ದೋಣಿಮನೆಗೆ ಬಂದ ವಾಷಿಂಗ್ ಮಷಿನ್

ಕಾಲುವೆಯ ದಂಡೆಯಲ್ಲಿ ಕೂತು ಗಂಡನ ಪ್ಯಾಂಟನ್ನು ಕಲ್ಲಿಗೆ ಕುಕ್ಕುತ್ತಿದ್ದಾಗ ಒಬ್ಬ ಹೆಂಗಸು ಬಂದು ನನ್ನ ಫೋಟೊ ತೆಗೆದಳು. ಮೆಚ್ಚಿ ತೆಗೆಯುತ್ತಿದ್ದಾಳೆ ಅಂದುಕೊಂಡು ನಾನು ಕೂದಲು ಸರಿಮಾಡಿಕೊಂಡು ನಕ್ಕೆ. ಅವಳು ನಗಲಿಲ್ಲ. “ಇದು ಇಂಡಿಯಾದ ನದಿ ಅಲ್ಲ” ಎಂದು ಹೇಳಿ ತನ್ನ ದೋಣಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಹೆಸರು ಬಾರ್ಬರಾ, ನಮ್ಮ ಪಕ್ಕದ ದೋಣಿಯವಳು. ಆ ಫೋಟೊ ಸಂಜೆಯೊಳಗೆ ದೂರಿನ ಜೊತೆ ದೋಣಿಗಳ ತಂಗುದಾಣದ ಮ್ಯಾನೇಜರನ ಕೈ ಸೇರಿತ್ತು.

ಹೌದು, ದೋಣಿ. ಇಂಗ್ಲೆಂಡಿನಲ್ಲಿ ನಾವಿರುವುದು ದೋಣಿಯಲ್ಲಿ. ಇದಕ್ಕೆ ನ್ಯಾರೋಬೋಟ್ ಎನ್ನುತ್ತಾರೆ. ಹಿಂದೆ ಕಲ್ಲಿದ್ದಲು ಸಾಗಿಸುತ್ತಿದ್ದ ದೋಣಿಗಳ ಅಚ್ಚಿನಲ್ಲೇ ಮಾಡಿದ ಉಕ್ಕಿನ ಉದ್ದನೆಯ ಡಬ್ಬಿ ಅದು, ಅಗಲ ಏಳಡಿಯೂ ಇಲ್ಲ. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಮೈ ಓರೆ ಮಾಡಿಕೊಂಡು ದಾಟಬೇಕು. ನಾನು ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸಕ್ಕೆ ಬಂದವಳು. ನಮ್ಮವರು, ಅಂದರೆ ಕೊಟ್ರೇಶ್, ಬ್ರೆಡ್ಡಿನ ಕಾರ್ಖಾನೆಯಲ್ಲಿದ್ದಾರೆ. ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ ನಮ್ಮ ಹೆಸರು ಹೇಳುವಷ್ಟರಲ್ಲಿ ಮನೆ ಬೇರೆಯವರಿಗೆ ಹೋಗಿಬಿಟ್ಟಿರುತ್ತಿತ್ತು. ಕೊನೆಗೆ ಸಿಕ್ಕಿದ್ದು ಈ ಹಳೇ ದೋಣಿ. ಊರಿನವರು ಫೋನಿನಲ್ಲಿ ನೋಡಿ “ಎಷ್ಟ್ ಚಂದ ಐತಲ್ಲ” ಅನ್ನುತ್ತಾರೆ. ಚಂದ ಅನ್ನುವವರು ಒಂದು ಚಳಿಗಾಲ ಬಂದು ಇದ್ದು ಹೋಗಲಿ.

ನನ್ನ ತವರು ಹೂವಿನಹಡಗಲಿಯ ಹತ್ತಿರ. ಅಲ್ಲಿ ಕಾಲುವೆಗೆ ನೀರು ಬಿಟ್ಟರೆಂದರೆ ಓಣಿಯ ಹೆಂಗಸರೆಲ್ಲ ಕೌದಿ ಹೊತ್ತು ಹೊರಡುತ್ತಿದ್ದೆವು. ಬಟ್ಟೆ ಒಗೆಯದೆ ಕಾಲುವೆಯನ್ನು ಸುಮ್ಮನೆ ನೋಡುತ್ತಾ ಕೂರುವವರನ್ನು ನಾನು ಇಲ್ಲಿಗೆ ಬರುವ ತನಕ ಕಂಡಿರಲಿಲ್ಲ. ಇಲ್ಲಿ ಟೋಪಾತ್ ಅಂತ ದಂಡೆಗುಂಟ ಒಂದು ಕಾಲುದಾರಿ ಇರುತ್ತದೆ. ಅದರ ಅಂಚಿಗೆ ಹಾಸಿದ ಕಲ್ಲು ಎಷ್ಟು ನುಣುಪಾಗಿತ್ತೆಂದರೆ, ಬಟ್ಟೆ ಒಗೆಯಲಿಕ್ಕೇ ಹಾಕಿದ್ದಾರೆ ಎಂದು ನಂಬಿದ್ದೆ. ಮ್ಯಾನೇಜರ್ ಬಂದು ಹೇಳಿದ: ಸೋಪಿನ ನೀರು ಕಾಲುವೆಗೆ ಬಿಡುವುದನ್ನು ಇನ್ನೊಮ್ಮೆ ಕಂಡರೆ ಮೂರಿಂಗ್ ಖಾಲಿ ಮಾಡಬೇಕಾಗುತ್ತದೆ. ಮೂರಿಂಗ್ ಅಂದರೆ ದೋಣಿ ಕಟ್ಟುವ ಜಾಗ. ಅದು ಹೋದರೆ ಊರೂರು ದೋಣಿ ನಡೆಸಿಕೊಂಡು ಹೋಗುವುದೇ ಗತಿ, ನನ್ನ ಕೆಲಸವೂ ನೀರುಪಾಲು.

ಹೀಗಾಗಿ ವಾಷಿಂಗ್ ಮಷಿನ್ ಬೇಕಾಯಿತು. ಇಲ್ಲಿ ದುಡ್ಡು ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿಗಳಿವೆ. ಯಾರ್‍ಯಾರದೋ ಒಳಬಟ್ಟೆ ತಿರುಗಿದ ಡಬ್ಬಿಯಲ್ಲಿ ನನ್ನ ಸೀರೆ ಹಾಕಲಾರೆ ಎಂದು ಹಟ ಹಿಡಿದೆ.

ನೀರಿನ ಮೇಲೆ ಇರುವವರಿಗೆ ನೀರಿನ ಬರ ಎಂದರೆ ನೀವು ನಗುತ್ತೀರಿ. ನಮ್ಮ ತೊಟ್ಟಿ ತುಂಬಿಸಲು ನಲ್ಲಿ ಇರುವ ಕಡೆಗೆ ದೋಣಿಯನ್ನೇ ಬಿಚ್ಚಿಕೊಂಡು ಹೋಗಬೇಕು. ಕೊಟ್ಟೂರಿನ ಅತ್ತೆ ಮನೆಯಲ್ಲಿ ನಲ್ಲಿ ಬಾರದಿದ್ದರೆ ಟ್ಯಾಂಕರ್ ಮನೆ ಬಾಗಿಲಿಗೆ ಬರುತ್ತಿತ್ತು. ಇಲ್ಲಿ ಮನೆಯೇ ನಲ್ಲಿಯ ಬಾಗಿಲಿಗೆ ಹೋಗುತ್ತದೆ. ಕರೆಂಟು ಚಾವಣಿಯ ಸೋಲಾರ್ ಹಲಗೆಯದು, ಇಲ್ಲವೆ ಎಂಜಿನ್ ಓಡಿಸಿ ತುಂಬಿಸಿದ ಬ್ಯಾಟರಿಯದು. ಮಷಿನ್ ತಾನೇ ನೀರು ಕಾಯಿಸಿಕೊಳ್ಳಲು ಹೊರಟರೆ ದೀಪ ಮಂಕಾಗುತ್ತದೆ. ಇಷ್ಟಾದರೂ ಕೊಟ್ರೇಶ್ ಮನಸ್ಸು ನೆಟ್ಟಿದ್ದು ದೊಡ್ಡ ಆಟೊಮ್ಯಾಟಿಕ್ ಮಷಿನ್ ಮೇಲೆ, ಅದನ್ನು ಇಡಲು ನೋಡಿದ ಜಾಗ ಗ್ಯಾಲಿ. ದೋಣಿಯಲ್ಲಿ ಅಡುಗೆ ಮಾಡುವ ಮೂಲೆಗೆ ಹಾಗನ್ನುತ್ತಾರೆ.

“ಒಲಿ ಬಾಜು ಚಡ್ಡಿ, ಕಾಲ್ಚೀಲ ತಿರುಗ್ತಿದ್ರ ನಾನು ರೊಟ್ಟಿ ಬಡಿಯಂಗಿಲ್ರಿ” ಎಂದೆ.

“ಇಲ್ಲಿ ಎಲ್ಲಾರೂ ಅಡಿಗಿ ಮನ್ಯಾಗ ಇಡ್ತಾರ. ಮತ್ತೆಲ್ಲೈತಿ ಜಾಗ, ನೀನೇ ಹೇಳು.”

“ಅವರು ಇಟ್ಕಳ್ಳಿ. ನಿಮ್ಮವ್ವಗ ಫೋನ್ ಹಚ್ಚಿ ಕೇಳ್ಲೇನು?”

ಅವರವ್ವ ಎಂದರೆ ನಮ್ಮತ್ತೆ. ಆ ಮನೆಯಲ್ಲಿ ಕೊಳೆ ಬಟ್ಟೆಯ ಬುಟ್ಟಿ ಅಡುಗೆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಹಿತ್ತಲಿಗೆ ಅದೇ ಹತ್ತಿರದ ದಾರಿ, ಆದರೂ ಬುಟ್ಟಿ ಹೊತ್ತವರು ಹೊರಗೆ ಹೋಗಿ ಓಣಿ ಸುತ್ತಿ ಬರಬೇಕು. ಮದುವೆಯಾದ ಹೊಸದರಲ್ಲಿ ಒಮ್ಮೆ ಮರೆತು ಒಳಗಿನಿಂದಲೇ ಹೋಗಿಬಿಟ್ಟೆ. ಅತ್ತೆ ಬೈಯಲಿಲ್ಲ, ಮಾಡಿಟ್ಟ ಅಡುಗೆಯನ್ನೆಲ್ಲ ಎಮ್ಮೆಯ ಬಾನಿಗೆ ಸುರಿದು ಮತ್ತೆ ಒಲೆ ಹಚ್ಚಿದರು. ಆವತ್ತಿನ ಅವಮಾನಕ್ಕೇ ಆ ಕಟ್ಟಳೆ ನನ್ನ ಮೈಗೆ ಹತ್ತಿತು.

ಆದರೂ ಅಳತೆ ಮಾಡಲು ಕೊಟ್ರೇಶ್ ಒಬ್ಬ ದೋಣಿ ರಿಪೇರಿಯವನನ್ನು ಕರೆತಂದರು. ಅವನು ಗ್ಯಾಲಿಯಲ್ಲಿ ಮಂಡಿಯೂರಿ, ಇಷ್ಟು ಭಾರ ಒಂದೇ ಮಗ್ಗುಲಿಗೆ ಬಿದ್ದರೆ ದೋಣಿ ವಾಲುತ್ತದೆ, ಇನ್ನೊಂದು ಮಗ್ಗುಲಿಗೆ ಇಟ್ಟಿಗೆ ಪೇರಿಸಬೇಕು ಎಂದ. ಆಮೇಲೆ ಪಕ್ಕದ ಉಕ್ಕಿನ ಗೋಡೆಯಲ್ಲಿದ್ದ ಒಂದು ತೂತು ತೋರಿಸಿದ. ಕೊಳೆ ನೀರಿನ ಪೈಪು ಇದಕ್ಕೆ ಕೂಡಿಸುತ್ತೇನೆ ಎಂದ.

“ಆಚೆ ಏನಿದೆ?” ಎಂದು ಕೇಳಿದೆ.

“ಕಾಲುವೆ.”

“ಸೋಪಿನ ನೀರು ಕಾಲುವೆಗೇ ಬೀಳುತ್ತದೆಯೆ?”

“ಮತ್ತೆಲ್ಲಿಗೆ? ಎಲ್ಲರ ದೋಣಿಯದೂ ಹಾಗೇ. ಪಾತ್ರೆ ತೊಳೆದದ್ದು, ಸ್ನಾನದ್ದು, ಬಟ್ಟೆಯದ್ದು, ಎಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ಸಿಟ್ಟಿನಲ್ಲಿ ಹೋಗಿ ಬಾರ್ಬರಾಳ ಬಾಗಿಲು ಬಡಿದೆ. ನಿಮ್ಮ ಮಷಿನ್ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅವಳು ಒಂದಿಷ್ಟೂ ಅಳುಕದೆ, “ಅದು ಬೇರೆ ವಿಷಯ, ಪೈಪಿನಲ್ಲಿ ಹೋಗುತ್ತದೆ” ಎಂದಳು. ನನ್ನ ಬಕೆಟ್ಟಿನದೂ ಅದೇ ಸೋಪು, ಅದೇ ಕಾಲುವೆ ಎಂದೆ. “ದಾರಿಯಲ್ಲಿ ಹೋಗುವವರು ಅದನ್ನೆಲ್ಲ ಯಾಕೆ ನೋಡಬೇಕು?” ಎಂದು ಕೇಳಿದಳು. ಅವಳಿಗೆ ನೀರು ಕೆಡುವ ಚಿಂತೆ ಇರಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು ಬಟ್ಟೆ ಕುಕ್ಕುವ ನಾನು ಕಣ್ಣಿಗೆ ಬಿದ್ದದ್ದೇ ಅವಳ ತಕರಾರು. ಮ್ಯಾನೇಜರನಿಗೂ ಹೇಳಿನೋಡಿದೆ. ಮಷಿನ್ ತಂದುಕೊಳ್ಳಿ, ಯಾರ ಅಡ್ಡಿಯೂ ಇಲ್ಲ ಎಂದ.

ತಂದೆವು. ಒಂದು ಬದಿ ಒಗೆಯುವ, ಇನ್ನೊಂದು ಬದಿ ಹಿಂಡುವ ಎರಡು ತೊಟ್ಟಿಯ ಸಣ್ಣ ಮಷಿನ್. ಕೆಟಲ್‌ನಲ್ಲಿ ನೀರು ಕಾಯಿಸಿ ಸುರಿಯಬೇಕು, ಒದ್ದೆ ಬಟ್ಟೆಯನ್ನು ಕೈಯಲ್ಲೇ ಎತ್ತಿ ಹಾಕಬೇಕು. ನೀರು, ಕರೆಂಟು ಎರಡೂ ಕಡಿಮೆ ಸಾಕು. ಮುಖ್ಯವಾಗಿ, ಅದನ್ನು ಗ್ಯಾಲಿಯಲ್ಲಿ ಇಡಬೇಕಾಗಿಲ್ಲ. ದೋಣಿಯ ಮೂತಿಯ ಬಳಿ, ಮೇಲೆ ತಾಡಪತ್ರಿ ಕಟ್ಟಿದ ತೆರೆದ ಜಗಲಿಯಂಥ ಜಾಗವಿದೆ, ಅಲ್ಲಿಟ್ಟೆ. ಕೊಳೆ ನೀರಿನ ಪೈಪನ್ನು ಬಾರ್ಬರಾಳ ಕಿಟಕಿಗೆ ಕಾಣುವ ಹಾಗೆ ಹೊರಕ್ಕೆ ಇಳಿಬಿಟ್ಟೆ. ನೊರೆ ನೊರೆಯಾಗಿ ಸುರಿಯುತ್ತದೆ. ಯಾರೂ ತುಟಿಪಿಟಿಕ್ಕೆನ್ನಲಿಲ್ಲ. ಗೆದ್ದೆ ಅಂದುಕೊಂಡೆ.

ಚಳಿಗಾಲ ಬಂತು. ತೊಟ್ಟಿಯ ತಳದಲ್ಲಿ ಉಳಿದ ನೀರು ಗಡ್ಡೆ ಕಟ್ಟುತ್ತದೆ. ಬಟ್ಟೆ ಎತ್ತಿ ಹಾಕುವಷ್ಟರಲ್ಲಿ ಬೆರಳು ಮರಗಟ್ಟುತ್ತವೆ. ಕೊಟ್ರೇಶ್ ಒಳಗಿನ ಬಿಸಿಯಲ್ಲಿ ಚಹಾ ಕುಡಿಯುತ್ತಾ ಗಾಜಿನಿಂದ ನೋಡುತ್ತಾರೆ.

ಹೋದ ಭಾನುವಾರ ಅತ್ತೆಗೆ ವಿಡಿಯೊ ಕಾಲ್ ಹಚ್ಚಿದ್ದೆವು. ಅಡುಗೆ ಮನೆಯಲ್ಲಿ ಕೂತಿದ್ದರು. ಹಿಂದೆ ಏನೋ ಗುಂಯ್ ಅನ್ನುತ್ತಿತ್ತು.

“ಅದೇನ್ರಿ ಅತ್ತಿ, ಸಪ್ಪಳ?”

“ಮಷಿನ್ ಬೇ. ನಿಮ್ಮ ಭಾವ ತಂದಾನ.” ಫೋನು ತಿರುಗಿಸಿ ತೋರಿಸಿದರು. ಒಲೆಗೆ ಒಂದು ಮೊಳ ದೂರದಲ್ಲಿ, ರೊಟ್ಟಿ ಡಬ್ಬಿಯನ್ನು ತಲೆಯ ಮೇಲೆ ಹೊತ್ತು, ದೊಡ್ಡ ಆಟೊಮ್ಯಾಟಿಕ್ ಮಷಿನ್ ತಿರುಗುತ್ತಿತ್ತು.

“ಒಲಿ ಬಾಜೂನ ಇಟ್ರೇನ್ರಿ?”

“ಬಚ್ಚಲದಾಗ ಕರೆಂಟ್ ಇಲ್ಲ, ಎಲ್ಲಿಡ್ಲಿ? ಇಲ್ಲಿ ನಳಾನೂ ಐತಿ.”

“ಕೊಳಿ ಬಟ್ಟಿ ಹೊಸ್ತಿಲಾ ದಾಟಬಾರದು ಅಂತಿದ್ರಿ.”

“ಅವೆಲ್ಲ ಆವಾಗಿನ ಮಾತು. ಅಷ್ಟ್ ದೂರ ಹೋಗಿ ಇನ್ನಾ ಅದನ್ನ ಹಿಡ್ಕಂಡು ಕುಂತೀಯೇನು?” ಎಂದು ಅತ್ತೆ ಮನಸಾರೆ ನಕ್ಕರು. ಎಮ್ಮೆಯ ಬಾನಿಗೆ ಸುರಿದ ಆ ಅಡುಗೆ ಅವರ ನೆನಪಿನಲ್ಲೇ ಇರಲಿಲ್ಲ.

ಕಾಲ್ ಇಟ್ಟ ಮೇಲೆ ಕೊಟ್ರೇಶ್ ಮೆಲ್ಲಗೆ ಕೇಳಿದರು, “ಇನ್ನ ಒಳಗ ತರೋಣೇನು?”

“ಬ್ಯಾಡ್ರಿ. ಹೊರಗಽ ಇರ್ಲಿ.”

ಸ್ವೆಟರ್ ಏರಿಸಿಕೊಂಡು ಹೊರಗೆ ಬಂದೆ. ಅತ್ತೆಯ ಮೇಲಿನ ಸಿಟ್ಟಿನಲ್ಲೇ ಒದ್ದೆ ಬಟ್ಟೆ ಎತ್ತಿ ಹಾಕತೊಡಗಿದೆ. ಆ ಕಟ್ಟಳೆ ಈಗ ಕೊಟ್ಟೂರಿನಲ್ಲೇ ಇಲ್ಲ, ಈ ಚಳಿಯ ಕಾಲುವೆಯ ಮೇಲೆ ನನ್ನೊಬ್ಬಳ ಹತ್ತಿರ ಉಳಿದಿದೆ. ಬಿಟ್ಟರೆ ಆ ಮನೆಯದು ಎನ್ನುವಂಥದ್ದು ನನ್ನ ಬಳಿ ಏನೂ ಇರುವುದಿಲ್ಲ; ಹಿಡಿದುಕೊಂಡರೆ ಆ ಮನೆಯವರೇ ನಗುತ್ತಾರೆ.