ಅತ್ತೆಯ ನಿಂಬೆಹುಳಿ

ಗೆಳೆಯರೇ, ಇವತ್ತು ವಿರೂಪಾಕ್ಷಿಪುರದ ನಮ್ಮ ಅಡುಗೆಮನೆಯಲ್ಲಿ ಸೋತೆ. ಪಿಯು ಮಕ್ಕಳಿಗೆ ನಾಳೆ ಮಾಡಬೇಕಾದ ಪಾಠವನ್ನು ಉಪ್ಪಿನಕಾಯಿಗೆ ನಿಂಬೆ ಹೆಚ್ಚುತ್ತಿದ್ದ ಅತ್ತೆಗೆ ಒಪ್ಪಿಸುತ್ತಿದ್ದೆ.

"ಪ್ರೋಟಾನ್ ಕೊಡೋದೇ ಆಸಿಡ್, ಅತ್ತೆ. ನೀರಿಗೆ ಬಿದ್ದಿದ್ದೇ ಎಲ್ಲಾ ಕೊಟ್ಬುಟ್ರೆ ಸ್ಟ್ರಾಂಗ್. ನಿಂಬೆಹುಳಿ ವೀಕು, ಒಸಿ ಕೊಟ್ಟು ಮಿಕ್ಕಿದ್ದನ್ನ ಹಿಡ್ಕೊಳ್ತದೆ. ನೀವು ಉಪ್ಪಿನಕಾಯಿ ಗುಟ್ಟು ಹೇಳ್ಕೊಟ್ಟಂಗೆ!"

ಮದುವೆಯಾಗಿ ಆರು ವರ್ಷ, ಇನ್ನೂ ಪೂರ್ತಿ ಹೇಳಿಲ್ಲ.

ಅತ್ತೆ ತಲೆ ಎತ್ತಲಿಲ್ಲ. "ಎಲ್ಲಾ ಒಂದೇ ಸಲ ಕೊಡೋದ್ನ ನಾಲಿಗೆ ಮ್ಯಾಲೆ ಇಟ್ಕೊಳಕ್ಕಾದಾತೇನವ್ವ? ಕೊಟ್ಟಿದ್ದ ಬಳಸು, ಆಮ್ಯಾಕೆ ಇನ್ನೊಸಿ ಕೊಡ್ತೀನಿ."

ಕಿಟಕಿಯ ಬಿಸಿಲಲ್ಲಿ ನಿಂಬೆಹೋಳುಗಳು ಹೊಳೆಯುತ್ತಿದ್ದವು, ಉಪ್ಪಿಗೆ ಮೆಲ್ಲಗೆ ರಸ ಬಿಡುತ್ತಿದ್ದವು. ನೋಡುತ್ತಾ ಕೂತುಬಿಟ್ಟೆ. ದುರ್ಬಲ ಆಮ್ಲವೂ ಥೇಟ್ ಹಾಗೆಯೇ, ಕೊಟ್ಟಿದ್ದು ಬಳಕೆಯಾದಂತೆಲ್ಲ ಮತ್ತಷ್ಟು ಕೊಡುತ್ತದೆ.

ಅದನ್ನು ಕಲಿಯಲು ನನಗೆ ಎಂಎಸ್ಸಿ ಬೇಕಾಯಿತು.